ಮಾರಾಟವಾದ ದನಿ

ತೆಕ್ಕಲಕೋಟೆಯ ಚನ್ನಬಸವರಾಜ ಸೈನ್ಯಕ್ಕೆ ಸೇರಿದಾಗ ಅವನಿಗಿನ್ನೂ ಮೀಸೆ ಸರಿಯಾಗಿ ಚಿಗುರಿರಲಿಲ್ಲ. ಬಳ್ಳಾರಿಯ ಭರ್ತಿ ರ‍್ಯಾಲಿಯಲ್ಲಿ ಓಡಿ ಗೆದ್ದು ಊರಿಗೆ ಬಂದವನನ್ನು ಬಸ್ ಸ್ಟ್ಯಾಂಡಿನಲ್ಲಿ ಹೆಗಲ ಮೇಲೆ ಹೊತ್ತು ಕುಣಿದವನು ಸಮ್ರಾಟ್. ಇಬ್ಬರೂ ಒಂದೇ ಶಾಲೆ, ಒಂದೇ ಬೆಂಚು. ಸಮ್ರಾಟನೂ ಆ ರ‍್ಯಾಲಿಗೆ ಹೋಗಿದ್ದ. ಎತ್ತರ ಸಾಲಲಿಲ್ಲವೆಂದು ಅವನನ್ನು ಮೊದಲ ಸಾಲಿನಲ್ಲೇ ಹಿಂದಕ್ಕೆ ಕಳಿಸಿದ್ದರು. "ಆದ್ರೂ ಅವತ್ತು ಅಂವ ಖರೇನ ಖುಷಿಯಾಗಿದ್ದ, ಅದರಾಗ ಸುಳ್ಳಿರಲಿಲ್ಲ" ಎಂದು ಚನ್ನಬಸವರಾಜ ಈಗಲೂ ಹೇಳುತ್ತಾನೆ. ಆ ಮಾತು ಹೇಳುವಾಗಲೇ ಅವನಿಗೆ ಹೆಚ್ಚು ನೋವಾಗುತ್ತದೆ.

ಅಪ್ಪ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಲೇ ತೀರಿಕೊಂಡಿದ್ದ. ಹೊಲವಿಲ್ಲ. ತಾಯಿ ಕೊಟ್ರಬಸಮ್ಮ ಇದ್ದದ್ದು ಬಾಡಿಗೆ ಮನೆಯಲ್ಲಿ. ಅಸ್ಸಾಮಿನ ಬ್ಯಾರಕ್ಕಿನಲ್ಲಿ ಮಲಗಿದರೂ ಚನ್ನಬಸವರಾಜನ ಕಣ್ಣಿಗೆ ಬರುತ್ತಿದ್ದದ್ದು ಆ ಬಾಡಿಗೆ ಮನೆಯ ತಗಡು, ಮಾಲೀಕ ಬಂದಾಗ ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದ ರೀತಿ.

ಅವನ ತುಕಡಿಯಲ್ಲಿ ಕೂಡ್ಲಿಗಿ ಕಡೆಯ ಉಜ್ಜಿನಪ್ಪ ಎಂಬ ಹಿರಿಯ ಹವಾಲ್ದಾರನಿದ್ದ. ನಮ್ಮ ಕಡೆಯ ಹುಡುಗ ಎಂದು ಇವನ ಮೇಲೆ ಅಕ್ಕರೆ. ಒಮ್ಮೆ ಚನ್ನಬಸವರಾಜ ಸಾಲ ಮಾಡಿ ಬುಲೆಟ್ ಗಾಡಿ ಕೊಳ್ಳುತ್ತೇನೆಂದಾಗ ಉಜ್ಜಿನಪ್ಪ ಗದರಿದ.

"ತಮ್ಮಾ, ನನ್ನ ಜೋಡಿ ಸೇರಿದಾವ ಒಬ್ಬಾವ ಪೆನ್ಶನ್ ಬಂದ ಮ್ಯಾಲೆ ಏನ್ ಮಾಡಾಕ ಹತ್ಯಾನ ಗೊತ್ತೇನು? ಕುಡತಿನಿ ಕಡಿ ಯಾವ್ದೋ ಗೋಡೌನ್ ಗೇಟಿಗೆ ನಿಂತಾನ. ಲಾರಿ ಬಂದ್ರ ಸಲ್ಯೂಟ್ ಹೊಡಿತಾನ. ನೀನೂ ಹಂಗ ನಿಂದ್ರಬೇಕೇನು? ಈಗ ಒಂದು ಜಾಗ ಮಾಡು. ಅದರ ಮ್ಯಾಲೆ ಇನ್ನೊಂದು ಮಾಡು. ನಲವತ್ತಕ್ಕ ಮನಿಗೆ ಹೋದಾಗ ಬಾಡಿಗಿ ಬರಬೇಕು ನಿನಗ."

ಆ ಮಾತು ನಾಟಿತು. ಚನ್ನಬಸವರಾಜ ಗಾಡಿ ಬಿಟ್ಟ. ಗಡಿಯಲ್ಲಿ ಖರ್ಚಿಗೆ ದಾರಿಯೂ ಇರಲಿಲ್ಲ. ಸಂಬಳ ಬ್ಯಾಂಕಿನಲ್ಲೇ ಉಳಿಯುತ್ತಿತ್ತು. ಮೊದಲು ಒಂದು ಪ್ಲಾಟು, ಅದರ ಬೆಲೆ ಏರಿದ ಮೇಲೆ ಮಾರಿ ಬಳ್ಳಾರಿಯಲ್ಲಿ ಕೆಳಗೊಂದು ಮೇಲೊಂದು ಮನೆ, ಕೆಳಗೆ ಅವ್ವ, ಮೇಲೆ ಬಾಡಿಗೆ. ಇದು ಅವನ ಲೆಕ್ಕ. ಆದರೆ ಎರಡು ಸಾವಿರ ಕಿಲೋಮೀಟರ್ ದೂರ ಕುಳಿತು ಜಾಗ ನೋಡುವುದು ಹೇಗೆ? ಕಾಗದ ಓದುವವರು ಯಾರು?

ಸಮ್ರಾಟ್ ಅಷ್ಟರಲ್ಲಿ ಸಿರುಗುಪ್ಪದಲ್ಲಿ ಒಂದು ಗಾಜಿನ ಬಾಗಿಲಿನ ಆಫೀಸು ಹಾಕಿದ್ದ. ಮೊದಲು ಟ್ರ್ಯಾಕ್ಟರ್ ಕಮಿಷನ್, ಆಮೇಲೆ ಹೊಲದ ವ್ಯಾಪಾರ, ಈಗ ಲೇಔಟು. ತನ್ನ ಮದುವೆಗೆಂದು ರಜೆಯಲ್ಲಿ ಬಂದ ಚನ್ನಬಸವರಾಜನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಬಾದನಹಟ್ಟಿ ಕಡೆಯಿಂದ ಕುರುಗೋಡಿಗೆ ಹೋಗುವ ರಸ್ತೆಗೆ ಕರೆದೊಯ್ದ. ರಸ್ತೆಗೆ ಹತ್ತಿದಂತೆ ಬಿಳಿ ಸುಣ್ಣದ ಗೆರೆ, ನೆಟ್ಟ ಕಲ್ಲು, ಹಿಂದೆ ಎಕರೆಗಟ್ಟಲೆ ಖಾಲಿ ಹೊಲ.

"ಇದು ರಸ್ತಾಕ ಹತ್ತಿದ ಮುಂದಿನ ಪಟ್ಟಿ. ಹೊಲ ಹೋಗಿ ಮನಿ ಜಾಗ ಅಂತ ಎನ್.ಎ. ಆಗೇತಿ, ಎಲ್ಲಾ ಕ್ಲಿಯರ್. ನಿನಗ ಮೂಲಿ ಪ್ಲಾಟು ಇಟ್ಟೀನಿ. ಬ್ಯಾರೇದವರಿಗೆ ಕೊಡೂ ರೇಟಿಗಲ್ಲಲೇ ಚನ್ನಾ, ನಿನಗ."

ಹೆಂಡತಿ ಗಂಗೋತ್ರಿ ಆಗಿನ್ನೂ ಹೊಸಬಳು. ಆದರೂ ಒಂದು ಮಾತು ಕೇಳಿದಳು: "ಒಬ್ಬ ವಕೀಲರಿಗೆ ತೋರ‍್ಸೋಣ ಏನ್ರಿ?" ತೋರಿಸಿದರು. ವಕೀಲರು ಎಲ್ಲ ಸರಿಯಿದೆ ಎಂದರು. ನಿಜಕ್ಕೂ ಸರಿಯಿತ್ತು. ಪ್ಲಾಟು ಅವನ ಹೆಸರಿಗೆ ನೋಂದಣಿಯಾಯಿತು. ಕೊಟ್ರಬಸಮ್ಮ ಆ ಮೂಲೆಗೆ ಕಾಯಿ ಒಡೆದು, ಅಲ್ಲಿಯೇ ನೆಲದ ಮೇಲೆ ಕುಳಿತು ಸ್ವಲ್ಪ ಹೊತ್ತು ಏಳಲೇ ಇಲ್ಲ.

ರಜೆ ಮುಗಿಸಿ ಜಮ್ಮು ಕಡೆಯ ಹೊಸ ಪೋಸ್ಟಿಗೆ ಹೋದ ಮೇಲೆ ಚನ್ನಬಸವರಾಜ ಒಂದು ಸಂಜೆ ಸಮ್ರಾಟನಿಗೆ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸಿದ. ಮನಸ್ಸು ತುಂಬಿತ್ತು, ಬರೆಯುವುದು ಸಾಲದೆನಿಸಿತ್ತು.

"ಲೇ ಸಮ್ರಾಟ್, ನಾನು ತೆಕ್ಕಲಕೋಟಿ ಚನ್ನಬಸವರಾಜ, ಮಿಲಿಟರಿಯಾಗ ಅದೀನಿ, ಇಷ್ಟು ವರ್ಷ ಆದ್ರೂ ಒಂದು ಗೇಣು ನೆಲ ಇರಲಿಲ್ಲ ನನಗ. ನಿನ್ನಿಂದ ಆತು. ದುಡ್ಡಿನ ವಿಷಯದಾಗ ನಿನ್ನ ಕಣ್ಣು ಮುಚ್ಚಿ ನಂಬಬಹುದು ನೋಡು."

ತನ್ನ ಹೆಸರು, ಊರು, ನೌಕರಿ ಎಲ್ಲ ಹೇಳಿಕೊಂಡದ್ದು ತಮಾಷೆಗೆ. ಶಾಲೆಯಲ್ಲಿ ಎದ್ದು ನಿಂತು ಹೆಸರು ಹೇಳುತ್ತಿದ್ದಂತೆ. ಸಮ್ರಾಟ್ ಕೈಮುಗಿಯುವ ಚಿತ್ರ ಕಳಿಸಿದ. ಅಲ್ಲಿಗೆ ಅದು ಮುಗಿಯಿತೆಂದು ಇವನು ಮರೆತ.

ಮುಂದಿನ ರಜೆಯಲ್ಲಿ ಗುಂತಕಲ್ಲಿನಲ್ಲಿ ರೈಲಿಳಿದು, ಬಳ್ಳಾರಿಗೆ ಬಂದು, ಪ್ಲಾಟು ನೋಡಿಕೊಂಡೇ ಮನೆಗೆ ಹೋಗೋಣವೆಂದು ಕುರುಗೋಡಿನ ಬಸ್ಸು ಹತ್ತಿದ. ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಎದುರಿಗೆ ತಾನೇ ನಿಂತಿದ್ದ. ಆಳೆತ್ತರದ ಫ್ಲೆಕ್ಸು. ಸಮವಸ್ತ್ರದಲ್ಲಿ ಅವನು, ಪಕ್ಕದಲ್ಲಿ ಕೈಕುಲುಕುತ್ತಿರುವ ಸಮ್ರಾಟ್. "ದೇಶ ಕಾಯುವ ಯೋಧ ನಂಬಿದ ಜಾಗ. ನೀವೂ ಬನ್ನಿ." ಅದು ಶಾಲೆಯ ಗಣರಾಜ್ಯೋತ್ಸವಕ್ಕೆ ಅತಿಥಿಯಾಗಿ ಹೋಗಿದ್ದಾಗಿನ ಫೋಟೊ. ಹಿಂದಿದ್ದ ಧ್ವಜವನ್ನೂ ಮಕ್ಕಳನ್ನೂ ಅಳಿಸಿ ಅಲ್ಲಿ ತೆಂಗಿನ ಮರ, ಕಾರಂಜಿ ಕೂಡಿಸಿದ್ದರು.

ಅವನು ಅಲ್ಲಿಂದಲೇ ಫೋನು ಮಾಡಿದ. "ಇದೇನಲೇ? ಡ್ರೆಸ್ಸಿನ ಫೋಟೊ ಹಿಂಗ ಹಾಕಂಗಿಲ್ಲ. ನನ್ನ ನೌಕರಿಗೆ ಬರ್ತೈತಿ ಇದು."

ಸಮ್ರಾಟ್ ನಕ್ಕ. "ಗೆಳೆಯ ಮ್ಯಾಲೆ ಬರ್ಲಿ ಅಂತ ಒಂದು ಫೋಟೊ ಕೊಡಾಕ ಆಗಂಗಿಲ್ಲೇನು ನಿನಗ? ಆತು, ನಾಳಿಗೆ ತೆಗಿಸ್ತೀನಿ ಬಿಡು."

ಮರುದಿನ ಅದನ್ನು ತೆಗೆಸಿಯೂ ತೆಗೆಸಿದ. ಇವನಿಗೆ ಅಷ್ಟು ಸಾಕಾಯಿತು. ಬೇರೆ ಊರುಗಳಲ್ಲಿ ಎಷ್ಟು ಕಟ್ಟಿದ್ದಾರೆ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಮುದುಕಿಯ ದನಿ.

"ಚನ್ನಾ, ನಾನಪಾ, ಹುಸೇನ್ ಬೀ. ಸಾಲ್ಯಾಗ ಊಟಕ್ಕ ಹಾಕ್ತಿದ್ನಲ್ಲ."

ತೆಕ್ಕಲಕೋಟೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವಳು ಹುಸೇನ್ ಬೀ. ಮಕ್ಕಳಿಗೆಲ್ಲ ಬೀಯಮ್ಮ. ಚನ್ನನಿಗೂ ಸಮ್ರಾಟನಿಗೂ ಕೇಳದೆಯೇ ಎರಡನೇ ಸಲ ಸಾರು ಹಾಕುತ್ತಿದ್ದಳು. ಇವನು ಖುಷಿಯಿಂದ ಎದ್ದು ಕುಳಿತ. "ಬೀಯಮ್ಮಾ, ಹೆಂಗದೀರಿ?"

"ನಾನು ಹೆಂಗರ ಇರ್ಲಿ. ಅಲ್ಲಿ ಭತ್ತ ನಾಟಿ ಮಾಡ್ಯಾರಲ್ಲಪಾ. ನಮ್ಮ ಪ್ಲಾಟಿನ ಕಲ್ಲೆಲ್ಲಾ ಕಿತ್ತು ಬದುವಿಗೆ ಒಗದಾರ. ಸಮ್ರಾಟ್ ಫೋನ್ ಎತ್ತವಲ್ಲ. ನೀನರ ಹೇಳು ಅವಂಗ."

"ನಿಮ್ಮ ಪ್ಲಾಟಾ? ನೀವು ಯಾವಾಗ ತಗೊಂಡ್ರಿ?"

ಹುಸೇನ್ ಬೀ ಹೇಳಿದಳು: "ನೀನ ಹೇಳಿದ್ಯಲ್ಲಪಾ, ಕಣ್ಣು ಮುಚ್ಚಿ ನಂಬಬಹುದು ಅಂತ. ಸಮ್ರಾಟ್ ಫೋನಿನಾಗ ಕೇಳಿಸಿದ. ಫೋಟೊ ಯಾರದರ ಹಾಕ್ತಾರ, ಅದನ್ನ ನೋಡಿ ನಾನು ಕೊಡ್ತಿರಲಿಲ್ಲ. ನಿನ್ನ ದನಿ ನನಗ ಗೊತ್ತಿಲ್ಲೇನು?"

ಫೋನು ಇಟ್ಟ ಮೇಲೆ ಚನ್ನಬಸವರಾಜ ಕ್ಯಾಂಟೀನಿನ ಹಿಂದೆ ಹೋಗಿ ಕುಳಿತ. ಚಹಾಕ್ಕೆ ಕರೆದವರಿಗೆ ಹೊಟ್ಟೆ ಸರಿಯಿಲ್ಲ ಎಂದ.

ತುರ್ತು ರಜೆ ಕೇಳಿ ಊರಿಗೆ ಬಂದಾಗ ಎಲ್ಲ ತಿಳಿಯಿತು. ರಸ್ತೆಗೆ ಹತ್ತಿದ ಮುಂದಿನ ಪಟ್ಟಿ ಮಾತ್ರ ಸಮ್ರಾಟ್ ಕೊಂಡದ್ದು. ಹಿಂದಿನ ಹೊಲವೆಲ್ಲ ಬಾದನಹಟ್ಟಿಯ ಚಂದ್ರಣ್ಣನದು. ಸಮ್ರಾಟ್ ಅವನಿಗೆ ಮುಂಗಡ ಕೊಟ್ಟು ಬರೀ ಕರಾರು ಮಾಡಿಕೊಂಡಿದ್ದ. ಆ ಕರಾರಿನ ಮೇಲೆಯೇ ಗೆರೆ ಎಳೆದು, ಕಲ್ಲು ನೆಟ್ಟು, ನೋಂದಣಿ ಆಮೇಲೆ ಎಂದು ಹೇಳಿ ಜನರಿಂದ ದುಡ್ಡು ತೆಗೆದುಕೊಂಡಿದ್ದ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು, ಅಂಗನವಾಡಿ ಸಹಾಯಕಿಯರು, ಹಮಾಲರು. ವಾಯಿದೆ ಮುಗಿದರೂ ಬಾಕಿ ಬರದಿದ್ದಾಗ ಚಂದ್ರಣ್ಣ ಕಾಲುವೆಗೆ ನೀರು ಬಂದ ಕೂಡಲೇ ಕೆಸರು ಮಾಡಿ ಭತ್ತ ನಾಟಿ ಮಾಡಿಬಿಟ್ಟ. ತಪ್ಪು ಅವನದಲ್ಲ.

ಚನ್ನಬಸವರಾಜ ರಸ್ತೆಯಲ್ಲಿ ನಿಂತು ನೋಡಿದ. ಹಿಂದೆಲ್ಲ ಹಸಿರು ಪೈರು. ಮುಂದೆ ಒಣ ನೆಲದಲ್ಲಿ ಅವನ ಮೂಲೆ ಪ್ಲಾಟು, ಅವನ ನಾಲ್ಕು ಕಲ್ಲುಗಳು, ಒಂದೂ ಅಲುಗಿರಲಿಲ್ಲ.

ಸಿರುಗುಪ್ಪದ ಆಫೀಸಿನಲ್ಲಿ ಸಮ್ರಾಟ್ ಸಿಕ್ಕ. ಓಡಿ ಹೋಗಿರಲಿಲ್ಲ, ಅಡಗಿರಲೂ ಇಲ್ಲ. ಚಹಾ ತರಿಸಿದ.

"ನನ್ನ ಮೆಸೇಜು ಎಷ್ಟು ಮಂದಿಗೆ ಕೇಳಿಸೀದಿ?" ಎಂದು ಚನ್ನಬಸವರಾಜ ಕೇಳಿದ.

"ಅದರಾಗ ಸುಳ್ಳೇನೈತಿ? ನೀನ ಹೇಳಿದ್ದು. ನಾನೇನು ನಿನ್ನ ಬಾಯಾಗ ಮಾತು ಹಾಕೀನೇನು?"

"ಬೀಯಮ್ಮಗೂ ಕೇಳಿಸೀದ್ಯಲ್ಲೋ."

ಸಮ್ರಾಟ್ ಗಾಜಿನ ಬಾಗಿಲ ಕಡೆ ನೋಡಿದ. "ಎಲ್ಲಾರ ದುಡ್ಡೂ ಕೊಡ್ತೀನಿ. ಟೈಮ್ ಬೇಕು." ಆಮೇಲೆ, ನಿಜವಾಗಿಯೂ ನೊಂದವನಂತೆ, "ಚನ್ನಾ, ನಿನಗ ಒಂದು ರೂಪಾಯಿ ಮೋಸ ಮಾಡೀನೇನಲೇ ನಾನು? ನಿನ್ನ ಪ್ಲಾಟು ಖರೇ ಐತೋ ಇಲ್ಲೋ? ನಿನಗ ಮೋಸ ಆಗಬಾರ್ದು ಅಂತ ಮುಂದಿನ ಪಟ್ಟ್ಯಾಗ ಕೊಟ್ಟೀನಿ. ಮತ್ತ ನೀನ್ಯಾಕ ಬಂದು ಕುಂತೀದಿ?"

ಆಗ ಚನ್ನಬಸವರಾಜನಿಗೆ ಅರ್ಥವಾಯಿತು. ತನಗೆ ಅಗ್ಗಕ್ಕೆ ಕೊಟ್ಟ ಆ ಜಾಗ ಗೆಳೆತನವೂ ಹೌದು, ಗಾಳದ ತುದಿಯ ಹುಳವೂ ಹೌದು. ಯಾವುದು ಎಷ್ಟು ಎಂದು ಬಹುಶಃ ಸಮ್ರಾಟನಿಗೂ ಗೊತ್ತಿರಲಿಲ್ಲ. ಹೊಡೆಯಬೇಕೆನಿಸಿತು. ಕೈ ಏಳಲಿಲ್ಲ. ಹೊರಗೆ ಬಂದು ಬಸ್ಸಿಗೆ ಕಾಯದೆ ತೆಕ್ಕಲಕೋಟೆಯ ಕಡೆ ನಡೆಯತೊಡಗಿದ. ದಾರಿಯಲ್ಲಿ ಯಾರೋ ಗುರುತಿನವರು ಗಾಡಿ ನಿಲ್ಲಿಸಿದರೂ ಹತ್ತಲಿಲ್ಲ.

ಊರಿನಲ್ಲಿ ಮಾತು ಆಗಲೇ ಹಬ್ಬಿತ್ತು. ಮಿಲಿಟರಿಯವನಿಗೂ ಪಾಲು ಇತ್ತಂತೆ, ಇಲ್ಲದಿದ್ದರೆ ಅವನ ಪ್ಲಾಟು ಒಂದೇ ಹೇಗೆ ಉಳಿಯಿತು ಎನ್ನುತ್ತಿದ್ದರು. ಕೊಟ್ರಬಸಮ್ಮ ಕಿರಾಣಿ ಅಂಗಡಿಗೆ ಹೋಗುವುದನ್ನು ಬಿಟ್ಟಳು. ಯಾರೋ ಫ್ಲೆಕ್ಸಿನ ಫೋಟೊ ತೆಗೆದು ಅವನ ರೆಜಿಮೆಂಟಿಗೂ ಕಳಿಸಿದ್ದರು. ವಿಚಾರಣೆ ನಡೆಯಿತು. ತಾನು ಕಟ್ಟಿಸಿದ್ದಲ್ಲ ಎಂಬುದನ್ನು ಮೇಲಿನವರು ಒಪ್ಪಿದರು. ಆದರೆ ನೋಡಿಯೂ ಮೇಲಿನವರಿಗೆ ತಿಳಿಸದೆ ಇದ್ದದ್ದಕ್ಕೆ ಎಚ್ಚರಿಕೆ ಕೊಟ್ಟರು; ಆ ವರ್ಷದ ಬಡ್ತಿಯ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ.

ಗಂಗೋತ್ರಿಯೊಂದಿಗೆ ಅವನು ಹುಸೇನ್ ಬೀ ಇರುವ ಮಗಳ ಮನೆಗೆ ಹೋದ. ಕುರುಗೋಡಿನಲ್ಲಿ ಎರಡು ಕೋಣೆಯ ಮನೆ. ಅಳಿಯ ಎದ್ದು ಹೊರಗೆ ಹೋದ. ಹುಸೇನ್ ಬೀ ಕೂಡು ಎನ್ನಲಿಲ್ಲ. ಅವನು ನಿಂತೇ ಹೇಳಿದ: "ಬೀಯಮ್ಮಾ, ನನ್ನ ಪ್ಲಾಟು ನಿಮ್ಮ ಹೆಸರಿಗೆ ಮಾಡಿ ಕೊಡ್ತೀನಿ. ಗಂಗೋತ್ರಿನೂ ಹೂಂ ಅಂದಾಳ."

"ಕೊಡ್ತಿ. ನನಗ ಒಬ್ಬಾಕಿಗೆ ಕೊಟ್ರ ಉಳದೋರು ನಾಳಿ ನನ್ನ ಮುಖ ನೋಡ್ತಾರೇನಪಾ? ಮುದುಕಿ ಮೊದ್ಲ ಒಳಗ ಕೈ ಜೋಡ್ಸಿದ್ಲು ಅಂತಾರ. ಈಗ ನಿನಗ ಅಂದ್ರಲ್ಲ, ಹಂಗ."

"ನಾನು ಗೊತ್ತಿದ್ದು ಮಾಡ್ಲಿಲ್ಲ ಬೀಯಮ್ಮಾ."

"ಗೊತ್ತೈತಿ ನನಗ. ಅದಕ್ಕ ಸಿಟ್ಟು ಹೆಚ್ಚು ಬರ್ತೈತಿ."

ಆ ರಜೆಯಲ್ಲೇ ಅವನು ಪ್ಲಾಟು ಕಳೆದುಕೊಂಡವರ ಜೊತೆ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಕೊಟ್ಟ. ತನ್ನ ಫೋನಿನಲ್ಲಿದ್ದ ಆ ಸಂದೇಶವನ್ನು ಇನ್‌ಸ್ಪೆಕ್ಟರ್ ಮುಂದೆ ತಾನೇ ಹಾಕಿ ಕೇಳಿಸಿದ. ಹಿಂದೆ ನಿಂತಿದ್ದವರೆಲ್ಲ ಅದನ್ನು ಮೊದಲೇ ಕೇಳಿದವರು. ಮುಗಿಯುವ ತನಕ ಯಾರೂ ತಲೆ ಎತ್ತಲಿಲ್ಲ.

ಮೊಕದ್ದಮೆ ಬಳ್ಳಾರಿ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿದೆ. ಸಮ್ರಾಟ್ ಜಾಮೀನಿನ ಮೇಲಿದ್ದಾನೆ. ಕೆಲವರಿಗೆ ಸ್ವಲ್ಪ ಸ್ವಲ್ಪ ಹಿಂತಿರುಗಿಸಿದ್ದಾನೆ, ಜೋರು ಮಾಡಬಲ್ಲವರಿಗೆ ಮೊದಲು. ಹುಸೇನ್ ಬೀಗೆ ಏನೂ ಬಂದಿಲ್ಲ. ಚನ್ನಬಸವರಾಜನ ಮೂಲೆ ಪ್ಲಾಟನ್ನು ಕೊಳ್ಳುವವರಿಲ್ಲ. ಜಗಳದ ಜಾಗ ಎಂದು ನೋಡಲೂ ಯಾರೂ ಬರುವುದಿಲ್ಲ. ಬಳ್ಳಾರಿಯ ಮನೆಯ ಮಾತನ್ನು ಗಂಗೋತ್ರಿ ಎತ್ತುತ್ತಾಳೆ, ಅವನು ಆಮೇಲೆ ನೋಡೋಣ ಎನ್ನುತ್ತಾನೆ. ಉಜ್ಜಿನಪ್ಪ ನಿವೃತ್ತನಾಗಿ ಕೊಟ್ಟೂರಿನಲ್ಲಿ ಎರಡು ಅಂಗಡಿ ಬಾಡಿಗೆಗೆ ಕೊಟ್ಟಿದ್ದಾನೆ. ಅವನು ಫೋನು ಮಾಡಿ, "ಒಬ್ಬಾವ ಕೆಟ್ಟರ ನೆಲ ಏನ್ ಮಾಡೀತು ತಮ್ಮಾ, ಮತ್ತ ಸುರು ಮಾಡು" ಎಂದ. ಇವನು ಹೂಂ ಎಂದ.

ಪ್ರತಿ ರಜೆಯಲ್ಲೂ ಅವನು ಕುರುಗೋಡಿಗೆ ಹೋಗುತ್ತಾನೆ. ಕಳೆದ ಸಲ ಹುಸೇನ್ ಬೀ ಬಾಗಿಲಲ್ಲೇ ಇದ್ದಳು. ಕೂಡು ಎಂದಳು. ಮಗಳಿಗೆ ಚಹಾ ಮಾಡಲು ಹೇಳಿದಳು. ಮಂಡಿ ನೋವು, ಕಾಲುವೆಗೆ ಬಿಡದ ನೀರು, ಮೊಮ್ಮಗಳ ಪರೀಕ್ಷೆ ಎಂದು ಅದೂ ಇದೂ ಮಾತಾಡಿದರು. ಪ್ಲಾಟಿನ ಮಾತು ಇಬ್ಬರೂ ಎತ್ತಲಿಲ್ಲ. ಅವನು ಹೊರಡಲು ಎದ್ದಾಗ ಅವಳು ಹೋಗಿ ಬಾ ಎನ್ನಲಿಲ್ಲ. ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವನು ಹೊಸ್ತಿಲ ಹೊರಗೆ ಬೂಟು ಹಾಕಿಕೊಳ್ಳುತ್ತ ಸ್ವಲ್ಪ ತಡಮಾಡಿದ. ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಅವನು ಬಸ್ ಸ್ಟ್ಯಾಂಡಿನ ಕಡೆ ನಡೆದ.