ಪೆರಿಯನಾಯಕಿಯ ಎದುರಿನ ಜಾಗ

ನಮ್ಮ ಎದುರು ಮನೆಯ ಪೆರಿಯನಾಯಕಿ ಅಕ್ಕ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವರು. ಅಯ್ಯೋ ಪಾಪ, ಬಿಡಿಸಿಬಿಟ್ಟರೇ ಎಂದು ಯಾರಾದರೂ ಮರುಗಿದರೆ ಅವರಿಗೆ ಸಿಟ್ಟು ಬರುತ್ತದೆ. “ಯಾರೂ ಬಿಡಿಸ್ಲಿಲ್ಲ. ಕಣಕ್ಕು, ಅದೇ ಲೆಕ್ಕದ ಟೀಚರ್ ಕಿವಿ ಹಿಂಡ್ತಿದ್ರು, ಮಗ್ಗ ಹಿಂಡ್ತಿರ್ಲಿಲ್ಲ. ನಾನೇ ಬಂದು ಮಗ್ಗದ ಗುಂಡೀಲಿ ಇಳ್ದುಬಿಟ್ಟೆ” ಅನ್ನುತ್ತಾರೆ. ಅಂದು ಇಳಿದವರು ಇಂದಿಗೂ ನೇಯುತ್ತಿದ್ದಾರೆ. ಪೊಳ್ಳಾಚಿಯಿಂದ ಬಂದು ಬಸ್ಸಿಳಿದರೆ ಸಿಗುವ ನಮ್ಮ ನೇಕಾರರ ಬೀದಿಯಲ್ಲಿ, ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಗುಂಡಿಮಗ್ಗ ಉಳಿದಿರುವ ಕೆಲವೇ ಮನೆಗಳಲ್ಲಿ ಅವರದೂ ಒಂದು. ಗಂಡ ವೆಲ್ಲಿಂಗಿರಿ ಭಾವ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದು ಭಾನುವಾರ ಮಾತ್ರ ಬರುತ್ತಾರೆ. ಒಬ್ಬಳೇ ಮಗಳು ಧರಣಿ ಕೊಯಮತ್ತೂರಿನಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಾಳೆ.

ಅಕ್ಕ ನನ್ನ ಗಂಡನ ದೊಡ್ಡಪ್ಪನ ಸೊಸೆ. ಒಳ್ಳೆಯವರು. ನನಗೆ ಅವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ನಮ್ಮ ಬೀದಿಯಲ್ಲಿ ಎಲ್ಲರೂ ಮನೆಯೊಳಗೆ ಕನ್ನಡ ಆಡುವವರೇ, ಆದರೆ ಕಲಿತದ್ದೆಲ್ಲ ತಮಿಳಿನಲ್ಲಿ, ಕನ್ನಡ ಓದಬಲ್ಲವರು ಒಬ್ಬರೂ ಇಲ್ಲ. ಮೈಸೂರಿನಲ್ಲಿ ಕಲಿತು ಇಲ್ಲಿಗೆ ಮದುವೆಯಾಗಿ ಬಂದ ನಾನೊಬ್ಬಳೇ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಉರಿಗೆ ಕಾರಣ ನನ್ನ ಮಗಳು ನಿವೇತಾ. ಹತ್ತನೇ ಕ್ಲಾಸಿನ ವರ್ಷಪೂರ್ತಿ ಅವಳು ಶಾಲೆಯ ವ್ಯಾನ್ ಇಳಿದವಳೇ ಚೀಲವನ್ನು ನಮ್ಮ ಜಗುಲಿಯ ಮೇಲೆ ಎಸೆದು ಎದುರು ಮನೆಗೆ ಓಡುತ್ತಿದ್ದಳು. ನಾನು ಹಾಲು ಬಿಸಿ ಮಾಡಿಟ್ಟು ಕಾಯುತ್ತಿದ್ದೆ. “ಇವತ್ತು ಸ್ಕೂಲಲ್ಲಿ ಏನಾಯ್ತು ಚಿನ್ನ?” ಎಂದರೆ “ಒಣ್ಣುಮಿಲ್ಲಮ್ಮಾ,” ಏನೂ ಇಲ್ಲವಂತೆ. ಪರೀಕ್ಷೆ ಹೇಗಾಯಿತು? “ಓಕೆ.” ಅದೇ ಹುಡುಗಿ ಬೀದಿ ದಾಟಿದರೆ ಸಾಕು, ಫಿಸಿಕ್ಸ್ ಸಾರ್ ಚಾಕ್‌ಪೀಸ್ ಎಸೆಯುವ ಭಂಗಿ, ಪ್ರಿನ್ಸಿಪಾಲ್ ಅಮ್ಮ ಮೂಗಿನಿಂದ ಮಾತಾಡುವುದು, ಎಲ್ಲವನ್ನೂ ಮಾಡಿ ತೋರಿಸುವಳು. ಅಕ್ಕನ ನಗು ನಮ್ಮ ಅಡುಗೆಮನೆಗೆ ಬರುತ್ತಿತ್ತು. ಕುಕ್ಕರ್ ಸಿಳ್ಳೆ ಹೊಡೆದರೆ ನನಗೆ ಕೋಪ, ಮಧ್ಯದ ಮಾತು ತಪ್ಪಿಹೋಯಿತಲ್ಲ ಎಂದು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನಿವೇತಾಳಿಗೆ ಒಳ್ಳೆಯ ಅಂಕಗಳೇ. ಹನ್ನೊಂದನೇ ಕ್ಲಾಸಿಗೆ ಯಾವ ವಿಷಯಗಳ ಗ್ರೂಪ್ ಎಂದು ಸೋಮವಾರ ಬಂದು ಹೇಳಬೇಕೆಂದು ಶಾಲೆಯಿಂದ ಸಂದೇಶ ಬಂತು. ಬಯಾಲಜಿ-ಮ್ಯಾಥ್ಸ್ ಇರುವ ಫಸ್ಟ್ ಗ್ರೂಪೇ, ಡಾಕ್ಟರಾಗಲಿ ಎಂದು ನನ್ನ ಮನಸ್ಸು. ಕೇಳಿದರೆ ಅವಳು, “ನಿನ್ನಿಷ್ಟಮ್ಮಾ” ಎಂದಳು. ಆ ‘ನಿನ್ನಿಷ್ಟ’ದಲ್ಲಿ ಇಷ್ಟದ ವಾಸನೆಯೂ ಇರಲಿಲ್ಲ. ಒಳಗೆ ಇನ್ನೇನೋ ಇಟ್ಟುಕೊಂಡಿದ್ದಾಳೆ, ಅದು ಅಕ್ಕನಿಗೆ ಗೊತ್ತಿದೆ, ಹೆತ್ತವಳಿಗೆ ಗೊತ್ತಿಲ್ಲ. ನಾಳೆ ಬೇಡದ ಓದಿಗೆ ತಳ್ಳಿದೆ ಎಂದು ಮಗಳು ನನ್ನನ್ನೇ ದೂರಿದರೆ? ಊಟಕ್ಕೆ ಬಡಿಸುತ್ತ ಅದನ್ನೇ ಹೇಳಿಕೊಂಡೆ. ಯಜಮಾನರು ಭೂಪತಿ, “ಅಕ್ಕನ್ನೇ ಕೇಳ್ಬಿಡು. ಬೀದಿ ದಾಟೋಕೆ ಬಸ್ ಬೇಕಾ?” ಎಂದು ನೂಲಿನ ಅಂಗಡಿಗೆ ಹೊರಟುಬಿಟ್ಟರು.

ಶನಿವಾರ ನಿವೇತಾ ಗೆಳತಿಯ ಮನೆಗೆ ಹೋದ ಹೊತ್ತು ನೋಡಿ ದಾಟಿದೆ.

ಅಕ್ಕ ಎಳೆ ಕೆಚ್ಚಲು ಕೂತಿದ್ದರು. ಮಗ್ಗದಲ್ಲಿ ಹಳೆಯ ಉದ್ದ ನೂಲಿನ ಹಾಸು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಸೇರಿಸಿ, ಬೂದಿ ಮುಟ್ಟಿದ ಬೆರಳಿನಿಂದ ಹೊಸೆಯುವ ಕೆಲಸ ಅದು. ಎದುರು ಕೂತವರು ಹೊಸ ಎಳೆಯನ್ನು ಬಿಡಿಸಿ ಕೊಡಬೇಕು. ಕೈ ಬದಲಾದರೆ ಎಳೆಗಳ ಸಾಲು ತಪ್ಪುತ್ತದೆಂದು, ಕೂತವರು ಮುಗಿಯುವ ತನಕ ಏಳಬಾರದು ಎಂಬುದು ನಮ್ಮ ಬೀದಿಯ ಕಟ್ಟಳೆ. ಇಬ್ಬರ ಕಣ್ಣೂ ನೂಲಿನ ಮೇಲಿರುವುದರಿಂದ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

“ಏನಮ್ಮಣೀ, ದಾರಿ ತಪ್ಪಿ ಬಂದ್ಯಾ?”

“ಎಳೆ ಕೊಡೋಣ ಅಂತ ಬಂದೆ ಅಕ್ಕಾ.”

“ಆಹಾ! ಮೈಸೂರ್ ಮಹಾರಾಣಿ ಎಳೆ ಕೊಡ್ತಾಳಂತೆ. ಕೂರು, ಕೂರು. ಕೂತ್ರೆ ಏಳಂಗಿಲ್ಲ, ಗೊತ್ತಲ್ಲ?”

ಕೂತೆ. ಎಳೆಗಳು ಬೆವರಿದ ನನ್ನ ಕೈಗೆ ಅಂಟುತ್ತಿದ್ದವು. ಸ್ವಲ್ಪ ಹೊತ್ತು ಮಳೆ, ತೆಂಗಿನಕಾಯಿ ಎಂದು ಸುತ್ತಿ, ಕೊನೆಗೆ ಕೇಳಿಯೇಬಿಟ್ಟೆ. “ನಿವೇತಾ ಏನಾಗ್ಬೇಕು ಅಂತಾಳೆ? ನಿಮಗೆ ಹೇಳಿರ್ತಾಳೆ.”

“ಹೇಳಿರ್ತಾಳೆ. ನನ್ನ ಹತ್ರ ಹೇಳಿದ್ದು ನನ್ನ ಹತ್ರ ಇರ್ಲಿ.”

“ನಾನು ಅವಳ ತಾಯಿ ಅಕ್ಕಾ.”

ಅಕ್ಕನ ಬೆರಳು ನಿಂತವು. “ನಾನು ಧರಣಿಗೆ ತಾಯಿ ಅಲ್ವಾ? ನನಗೆ ಫೋನ್ ಮಾಡ್ತಾಳೆ, ‘ಸಾಪ್ಟಿಯಾ? ಸರಿ, ವೆಚ್ಚಿಡ್ರೇನ್’. ಊಟ ಆಯ್ತಾ, ಇಡ್ತೀನಿ, ಅಷ್ಟೇ! ನಿನಗೆ ಮಾಡಿದ್ರೆ ಗಂಟೆಗಟ್ಲೆ. ಜಗುಲೀಲಿ ನೀನು ‘ಹೂಂ ಧರಣಿ, ಹೂಂ ಧರಣಿ’ ಅಂತ ಅಡ್ಡಾಡೋದು ಈ ಕಿಟಕೀಲಿ ಕಾಣುತ್ತೆ. ನಾನು ಒಂದು ದಿನ ಕೇಳಿದ್ನಾ?”

ನನಗೆ ಇದು ಹೊಳೆದೇ ಇರಲಿಲ್ಲ. ಧರಣಿ ನನಗೆ ಫೋನ್ ಮಾಡುವುದು ನಿಜ. ಇಂಗ್ಲಿಷ್ ಪಾಠ ಅರ್ಥವಾಗದೆ ಶುರುವಾದ ಮಾತು, ಈಗ ರಕ್ತ ಕಂಡರೆ ತಲೆ ಸುತ್ತುತ್ತದೆ ಚಿಕ್ಕಮ್ಮಾ, ಈ ಓದು ನನ್ನಿಂದ ಆಗುತ್ತದೋ ಇಲ್ಲವೋ ಎಂಬಲ್ಲಿಗೆ ಬಂದಿದೆ. ಅಮ್ಮನಿಗೆ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಅದು ನನಗೆ ಹೊರೆಯಂತೆ ತೋರಿತ್ತೇ ಹೊರತು, ಯಾರಿಗಾದರೂ ಉರಿ ಹಚ್ಚುವಂಥ ಭಾಗ್ಯವೆಂದು ತೋರಿರಲಿಲ್ಲ. ಈಗ ತೋರಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಒಳಗೊಳಗೇ ಹಿತವಾಯಿತು.

“ಹಾಗಾದ್ರೆ ಧರಣಿ ಮಾತು ನಾನು ಹೇಳ್ತೀನಿ, ನಿವೇತಾ ಮಾತು ನೀವು ಹೇಳಿ” ಎಂದೆ.

ಅಕ್ಕ ಮೊದಲ ಸಲ ತಲೆಯೆತ್ತಿದರು. ಆ ಕಣ್ಣಿನ ಆಸೆ ನನಗೆ ಚೆನ್ನಾಗಿ ಗೊತ್ತು. ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಆರಿಸಿ ನಿಲ್ಲುವವಳದೂ ಅದೇ. ಅಕ್ಕ ಮತ್ತೆ ಬೆರಳನ್ನು ಬೂದಿಗೆ ಅದ್ದಿದರು.

“ಬೇಡ ಅಮ್ಮಣೀ. ಮಕ್ಕಳಿಗೆ ತಿಳಿದ್ರೆ ಇಬ್ರೂ ನಮ್ಮಿಬ್ರಿಗೂ ಹೇಳೋದು ಬಿಡ್ತಾರೆ.” ದನಿ ತಗ್ಗಿಸಿ, “ಒಂದೇ ಒಂದು ಹೇಳು. ಅಲ್ಲಿ ಊಟ ಮಾಡ್ತಾಳಾ?”

“ಮಾಡ್ತಾಳೆ. ದೋಸೆಯ ದಿನ ಎರಡು ಸಲ ಸಾಲಿಗೆ ನಿಲ್ತಾಳಂತೆ.”

“ಮನೇಲಿ ದೋಸೆ ಅಂದ್ರೆ ಮೂತಿ ತಿರುಗಿಸ್ತಿದ್ಳು ಕಳ್ಳಿ” ಎಂದು ಸೆರಗಿನಿಂದ ಮೂಗೊರೆಸಿಕೊಂಡರು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು. ನಿವೇತಾ. ನನ್ನನ್ನು ನೋಡಿ ಅವಳ ಮುಖ ಬಿಗಿಯಿತು.

“ಅದು ನನ್ನ ಜಾಗ.”

“ಕೂತಾಯ್ತು ಚಿನ್ನ. ಏಳೋ ಹಾಗಿಲ್ಲ.”

“ಎಲ್ಲಾ ಕಡೆ ಬಂದ್ಬಿಡ್ತೀಯಾ ನೀನು. ಸ್ಕೂಲಿಗೆ, ಫ್ರೆಂಡ್ಸ್ ಅಮ್ಮಂದಿರ ವಾಟ್ಸಾಪಿಗೆ, ಈಗ ದೊಡ್ಡಮ್ಮನ ಹತ್ರಾನೂ.” ಹೊಸ್ತಿಲಲ್ಲೇ ನಿಂತಿದ್ದಳು. “ನಾನು ಏನು ಹೇಳ್ದೆ ಅಂತ ಕೇಳೋಕೇ ತಾನೇ ಬಂದೆ?”

ಸುಳ್ಳು ಹೇಳಲಾಗಲಿಲ್ಲ. ಎದ್ದು ಹೋಗುವ ಹಾಗೂ ಇರಲಿಲ್ಲ. ಎಳೆ ಬಿಡಿಸುತ್ತ, “ಹೌದು” ಎಂದೆ.

“ಒಣ್ಣುಮೇ ಹೇಳಿಲ್ಲ. ಗೊತ್ತಿಲ್ಲ ಅಂತ ಹೇಳಿದೀನಿ, ಅಷ್ಟೇ. ಡಾಕ್ಟರೂ ಬೇಡ, ಬೇರೆ ಏನೂ ಬೇಕು ಅನ್ನಿಸ್ತಿಲ್ಲ. ಕ್ಲಾಸಲ್ಲಿ ಎಲ್ಲರೂ ಏನೋ ಒಂದು ಆಗ್ತೀನಿ ಅಂತಾರೆ, ನನಗೆ ಭಯ ಆಗುತ್ತೆ. ಗೊತ್ತಿಲ್ಲ ಅಂದ್ರೆ ನೀನು ರಾತ್ರಿಯೆಲ್ಲ ನಿದ್ದೆ ಮಾಡಲ್ಲ. ದೊಡ್ಡಮ್ಮ ‘ಸರಿ, ಎಳೆ ಕೊಡು’ ಅಂತಾರೆ.”

ಅಕ್ಕ ಏನೂ ಕೇಳಿಸದವರಂತೆ ಹೊಸೆಯುತ್ತಿದ್ದರು. ನಾನು ಒಂದು ವರ್ಷದಿಂದ ಹೊಟ್ಟೆಕಿಚ್ಚುಪಟ್ಟ ಗುಟ್ಟು ಇದೇನಾ? ‘ಗೊತ್ತಿಲ್ಲ’ ಎಂಬ ಒಂದು ಮಾತು. ಅದನ್ನೂ ನನಗೆ ಕೊಡದೆ ಅವರಿಗೆ ಕೊಟ್ಟಿದ್ದಳಲ್ಲ! ನನ್ನ ಬಾಯಿಗೆ ನೂರು ಬುದ್ಧಿಮಾತು ಬಂದವು. ನುಂಗಿಕೊಂಡು, “ಸರಿ” ಎಂದೆ. “ಎಳೆ ಕೊಡು” ಎನ್ನುವ ಹಕ್ಕು ನನಗಿರಲಿಲ್ಲ. ನಿವೇತಾ ಮೂತಿ ಊದಿಸಿಕೊಂಡೇ ಪಕ್ಕದಲ್ಲಿ ಕೂತು, ನಾನು ಸಿಕ್ಕು ಮಾಡಿದ್ದನ್ನು ಬಿಡಿಸತೊಡಗಿದಳು.

ಸೋಮವಾರ ಶಾಲೆಯಲ್ಲಿ ಮೇಡಂ ಪೆನ್ನು ಹಿಡಿದು, “ಫಸ್ಟ್ ಗ್ರೂಪ್ ತಾನೇ?” ಎಂದು ನನ್ನನ್ನು ಕೇಳಿದರು. ಬಾಯಿಗೆ ಬಂದ ‘ಹೌದು’ ತಡೆದು ಮಗಳ ಕಡೆ ನೋಡಿದೆ. “ಇನ್ನೂ ಗೊತ್ತಿಲ್ಲ ಮ್ಯಾಮ್. ಒಂದು ವಾರ ಕೊಡ್ತೀರಾ?” ಎಂದಳು ನಿವೇತಾ. ಕೊಟ್ಟರು. ಬಸ್ಸಿನಲ್ಲಿ ಬರುವಾಗ ಅವಳು ಮೂಗಿನಿಂದ ಒಂದು ವಾಕ್ಯ ಹೇಳಿದಳು. ಪ್ರಿನ್ಸಿಪಾಲ್ ಅಮ್ಮನೇ! ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಕಂಡಕ್ಟರ್ ತಿರುಗಿ ನೋಡಿದ.

ಒಂದೇ ವಾಕ್ಯ. ಮನೆ ತಲುಪಿದ ಕೂಡಲೇ ಉಳಿದದ್ದನ್ನೆಲ್ಲ ಹೊತ್ತುಕೊಂಡು ಎದುರು ಮನೆಗೆ ಓಡಿದಳು. ಅಲ್ಲಿಂದ ಅಕ್ಕನ ನಗು ಶುರುವಾಯಿತು. ಅದೇ ಹೊತ್ತಿಗೆ ನನ್ನ ಫೋನ್ ಹೊಡೆದುಕೊಂಡಿತು. ಧರಣಿ. ಒಳಗೆ ಹೋಗಿ ಮಾತಾಡಬಹುದಿತ್ತು. ಹೋಗಲಿಲ್ಲ. ಜಗುಲಿಗೆ ಬಂದು, ಆ ಕಿಟಕಿಗೆ ಕಾಣುವಂತೆ ಅಡ್ಡಾಡುತ್ತ, “ಹೂಂ ಧರಣಿ, ಹೇಳಮ್ಮಾ” ಎಂದೆ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

ಎದುರು ಮನೆಯ ನಗು ನಿಂತಿತು. ಮಗ್ಗದ ಸದ್ದು ಶುರುವಾಯಿತು, ಅದೂ ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ.