ಹೊರಗೆ ಬಂದ ವಿಷ

ನಾಯಿಕೆಮ್ಮು ತರುವ ಬ್ಯಾಕ್ಟೀರಿಯಾ ತನ್ನ ವಿಷವನ್ನು ಹೊರಗೆ ಸಾಗಿಸುವುದು ಹೇಗೆ ಎನ್ನುವುದೇ ಮೆಲ್ಬರ್ನ್‌ನಲ್ಲಿ ನನ್ನ ಪಿಎಚ್‌ಡಿಯ ವಿಷಯ. ಆ ಬ್ಯಾಕ್ಟೀರಿಯಾಕ್ಕೆ ಒಂದರ ಹೊರಗೊಂದು ಎರಡು ಪೊರೆ. ವಿಷದ ಪ್ರೋಟೀನುಗಳು ಬಿಡಿಬಿಡಿಯಾಗಿ ಒಳಪೊರೆ ದಾಟಿ, ನಡುವಿನ ಸಂದಿಯಲ್ಲಿ ಒಂದಾಗಿ ಕೂಡಿಕೊಂಡು, ಆಮೇಲೆ ಪುಟ್ಟ ಯಂತ್ರದಂಥದ್ದೊಂದರ ಮೂಲಕ ಹೊರಪೊರೆ ದಾಟುತ್ತವೆ. ಆ ಯಂತ್ರದ ಒಂದು ಭಾಗ ಕೆಡಿಸಿದರೆ ವಿಷ ಒಳಗೇ ಉಳಿಯುತ್ತದೆ. ಹಗಲೆಲ್ಲ ನಾನು ಕೆಡಿಸುತ್ತಿದ್ದದ್ದು ಅದನ್ನೇ. ಒಂದು ಕಡೆ ಕೂರಲಾಗದ ನನಗೆ ಬ್ಯಾಕ್ಟೀರಿಯಾ ಬೆಳೆಯುವುದನ್ನು ಕಾಯುವ ಕೆಲಸ ಯಾಕೆ ಗಂಟುಬಿತ್ತೋ.

ಆ ವರ್ಷ ಸಿಡ್ನಿಯ ಗಿರಾವೀನ್‌ನಲ್ಲಿದ್ದ ತಂಗಿಗೆ ಹೆರಿಗೆಯಾಯಿತು. ಬಾಣಂತನಕ್ಕೆಂದು ಅಮ್ಮ ಮೈಸೂರಿನಿಂದ ಬಂದಳು; ಜೊತೆಗೆ ಸಣ್ಣ ಕೆಮ್ಮೂ ಬಂತು. ವಿಮಾನದ ಎಸಿ ಆಗಿಬಂದಿಲ್ಲ ಎಂದು ಶುಂಠಿ ಕಷಾಯ ಕುಡಿದಳು. ಮಗುವಿಗೆ ಎಣ್ಣೆ ಹಚ್ಚುವವಳೂ ನೀರು ಹಾಕುವವಳೂ ಅವಳೇ. ಲಸಿಕೆಯ ಸಮಯ ಬರುವ ಮೊದಲೇ ಮಗು ಕೆಮ್ಮತೊಡಗಿತು. ತುಟಿ ನೀಲಿಯಾಗುತ್ತಿದೆ, ಉಸಿರು ನಿಂತು ನಿಂತು ಬರುತ್ತಿದೆ ಎಂದು ತಂಗಿ ಫೋನಿನಲ್ಲಿ ಅತ್ತಾಗ, ರೋಗದ ಹೆಸರು ಯಾರೂ ಹೇಳಬೇಕಾಗಿರಲಿಲ್ಲ. ಸಿಕ್ಕ ವಿಮಾನ ಹತ್ತಿದೆ.

ಆಸ್ಪತ್ರೆಯಲ್ಲಿ ನನ್ನ ಓದಿನ ಮೇಲೆ ನನಗೇ ಸಿಟ್ಟು ಬಂತು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆಗಲೇ ಹೊರಗೆ ಬಿದ್ದ ವಿಷವನ್ನು ಅದು ಏನೂ ಮಾಡಲಾರದು. ಕಾರಿಡಾರಿನಲ್ಲಿ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಕೂತುಕೊಳ್ಳಿ ಎಂದು ಹೇಳಿ ಹೇಳಿ ನರ್ಸ್‌ಗೆ ಸಾಕಾಗಿಹೋಯಿತು.

ಮಗು ಉಳಿಯಿತು, ಮನೆಗೆ ಬಂತು. ಅಮ್ಮನನ್ನೂ ಪರೀಕ್ಷಿಸಿ, ಅದೇ ಕೆಮ್ಮು ಎಂದು ಮಾತ್ರೆ ಕೊಟ್ಟರು. ಮಾತ್ರೆಗಳೆಲ್ಲ ಮುಗಿದ ಮೇಲೂ ಅವಳು ಮಗುವನ್ನು ಮುಟ್ಟಲಿಲ್ಲ. ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಹೆರಿಗೆಯಾದ ಆಸ್ಪತ್ರೆಯಲ್ಲೇ ಮಗುವಿಗೆ ಯಾರಿಂದಲೋ ತಗುಲಿರಬೇಕು ಎಂದು ತಂಗಿ, ಅವಳ ಗಂಡ, ಪಕ್ಕದ ಮನೆಯ ಆಂಟಿ ಎಲ್ಲರೂ ಸಮಾಧಾನ ಹೇಳಿದ್ದರು. ಒಂದು ಬೆಳಿಗ್ಗೆ ತಂಗಿ ಸ್ನಾನಕ್ಕೆ ಹೋದಾಗ ಅಮ್ಮ ನನ್ನ ಪಕ್ಕಕ್ಕೆ ಬಂದಳು.

“ಇದನ್ನೇ ಓದ್ತಿರೋಳು ನೀನು. ನನ್ನಿಂದಾನೇ ಬಂತಾ?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಕೈ ಸುಮ್ಮನೆ ಮಗುವಿನ ಬಟ್ಟೆ ಮಡಿಸುತ್ತಿತ್ತು, ಬಿಚ್ಚುತ್ತಿತ್ತು.

“ಹೌದಮ್ಮ. ನಿನ್ನಿಂದಾನೇ ಇರ್ಬೇಕು.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಹೇಳಬಾರದಿತ್ತು ಅನ್ನಿಸಿತು.

“ಎಲ್ಲಾರೂ ಎತ್ಕೋ, ಏನಾಗಲ್ಲ ಅಂತಾರೆ. ನಿನ್ನಿಂದ ಬಂದಿಲ್ಲ ಅಂತಾನೂ ಹೀಗೇ ಸಮಾಧಾನ ಮಾಡಿದ್ರು, ಹೇಗೆ ನಂಬ್ಲಿ? ನೀನ್ ಹೇಳು. ಈಗ ಎತ್ಕೋಬಹುದಾ?”

“ಎತ್ಕೋಬಹುದಮ್ಮ.”

ಅಮ್ಮ ಹೋಗಿ ಕೈ ತೊಳೆದುಕೊಂಡು ಬಂದು ಮಗುವನ್ನು ಎತ್ತಿಕೊಂಡಳು.