ಬರ್ಲಿಕ್ಕುಂಟು ಎಂದರೆ ಇಲ್ಲ

ನಾನು ಗುಮಾಸ್ತನಾಗಿದ್ದ ಬಂದರಿನ ಹೆಂಚಿನ ಅಂಗಡಿಯಲ್ಲಿ ‘ಇಲ್ಲ’ ಎನ್ನುವಂತಿರಲಿಲ್ಲ. ಹಾಗೆಂದರೆ ಇರುವ ಮಾಲೂ ಓಡಿಹೋಗುತ್ತದೆ ಎಂದು ನಮ್ಮ ಧನಿಗಳ ನಂಬಿಕೆ. ಹೆಂಚು ಮುಗಿದಿದ್ದರೆ “ಬರ್ಲಿಕ್ಕುಂಟು” ಎನ್ನಬೇಕು. ಬಂದರಿನವರಿಗೆ ಅದರ ಅರ್ಥ ಗೊತ್ತಿತ್ತು. ಮಾತಿಲ್ಲದೆ ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಧನಿಗಳು ಮೂಗಿನಲ್ಲಿ ಎಳೆದು ಹೇಳುವ ಆ ಮಾತನ್ನು ಅವರ ಬೆನ್ನ ಹಿಂದೆ ನಾನು ಅವರಿಗಿಂತ ಚೆನ್ನಾಗಿ ಹೇಳುತ್ತಿದ್ದೆ. ನನ್ನ ಸ್ವಂತ ಸ್ವರ ಕಟ್ಟಿಹಾಕಿದ ಆಡಿನದ್ದು. ಅದನ್ನು ಆದಷ್ಟು ಕಡಿಮೆ ಬಳಸುತ್ತಿದ್ದೆ.

ಒಂದು ವರ್ಷ, ಇನ್ನೇನು ಮಳೆ ಹಿಡಿಯಬೇಕು ಎನ್ನುವಾಗ, ಕಾರ್ಖಾನೆಯಲ್ಲಿ ಆ ಸಲ ಸುಟ್ಟ ಹೆಂಚೆಲ್ಲ ಬಿರುಕುಬಿಟ್ಟಿತು. ಅದು ಅತ್ತಾವರದ ಒಬ್ಬ ಯಜಮಾನರಿಗೆ ಕೊಡುತ್ತೇವೆಂದು ಒಪ್ಪಿದ್ದ ಮಾಲು. ಅವರು ಮನೆಯ ಮುಳಿಹುಲ್ಲಿನ ಮಾಡು ಬಿಚ್ಚಿಸಿ ಹೆಂಚು ಹೊದಿಸುವವರಿದ್ದರು. ಆ ಹೊತ್ತಿಗೆ ಬೇರೆ ಅಂಗಡಿಗಳೂ ಖಾಲಿ. ಅವರ ಮುಂದೆ ಹೋಗಿ ನಿಲ್ಲಲು ಧನಿಗಳಿಗೆ ಮುಖವಿರಲಿಲ್ಲ.

“ನೀನು ನನ್ನ ಹಾಗೇ ಮಾತಾಡ್ತೀಯಂತಲ್ಲ. ನೀನೇ ಹೋಗಿ ಮೆಲ್ಲ ಹೇಳಿ ಬಾ” ಎಂದರು. ಬೆನ್ನ ಹಿಂದಿನದೆಲ್ಲ ಅವರಿಗೆ ಗೊತ್ತಿತ್ತು ಅಂತಾಯಿತು.

ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ. ಸಾವಿನ ಮನೆಗೆ ಬಂದ ನೆಂಟನ ಸ್ವರ ಹಿಡಿದು ನೋಡಿದೆ, ಸರಿ ಕಾಣಲಿಲ್ಲ. ಶಾನುಭೋಗರ ಗಂಭೀರ ಸ್ವರಕ್ಕೆ ನನಗೇ ನಗು ಬಂತು. ಅತ್ತಾವರ ತಲುಪಿದಾಗ ಇಬ್ಬರು ಆಳುಗಳು ಮಾಡು ಹತ್ತಿ ಆಗಿತ್ತು; ಒಂದು ಮೂಲೆಯ ಹುಲ್ಲು ಅಂಗಳಕ್ಕೆ ಬಿದ್ದಿತ್ತು. ಒಳಗೆ ಶಿಶು ಅಳುತ್ತಿತ್ತು. ಯಜಮಾನರ ಮಗಳು ಹೆತ್ತು ವಾರವಾಗಿರಲಿಲ್ಲ. ಉಳ್ಳಾಲದ ಕಡೆ ಮೋಡ ಕಪ್ಪಾಗಿತ್ತು.

ಹೆಂಚಿನ ಗಾಡಿ ಎಲ್ಲಿಯವರೆಗೆ ಬಂತೆಂದು ಯಜಮಾನರು ಕೇಳಿದರು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಧನಿಗಳ ಮೂಗು.

“ಬರ್ಲಿಕ್ಕುಂಟು.”

ಅವರು ಬಂದರಿನವರಲ್ಲ. ಮುಖ ಅರಳಿತು. ಮೇಲೆ ನೋಡಿ, ಆ ಕಡೆಯದ್ದನ್ನೂ ಬಿಚ್ಚಿ ಎಂದರು. ಆಳು ಹುಲ್ಲು ಬಿಗಿದ ಕಟ್ಟಿನ ಮೇಲೆ ಕತ್ತಿ ಇಟ್ಟ.

“ಬಿಚ್ಚಬೇಡಿ” ಎಂದೆ. ಆಡಿನ ಸ್ವರವೇ. “ಹೆಂಚು ಇಲ್ಲ. ಸುಡುವಾಗ ಒಡೆದಿದೆ. ಈ ಮಳೆಗೆ ಸಿಗುವುದಿಲ್ಲ.”

ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಮತ್ತೆ ಬರ್ಲಿಕ್ಕುಂಟು ಅಂದದ್ದು ಎಂತದು?”

“ನಮ್ಮಲ್ಲಿ ಇಲ್ಲ ಅನ್ನುವುದಕ್ಕೆ ಹಾಗೆ ಹೇಳ್ತೇವೆ.”

“ಹಾಗಾದ್ರೆ ಇರುವಾಗ ಎಂತ ಹೇಳ್ತೀರಿ ಮಾರಾಯ?”

ಉತ್ತರಕ್ಕೆ ಕಾಯದೆ ಅವರು ಮಾಡಿನ ಕಡೆ ತಿರುಗಿದರು. ಬಿದ್ದ ಹುಲ್ಲು ಒದ್ದೆಯಾಗುವ ಮೊದಲು ಮೇಲೆ ಹೋಗಲಿ ಎಂದು ಆಳುಗಳಿಗೆ ಹೇಳಿದರು. ಕೈ ಸಾಲದೆಂದು ಕಂಡು ನನ್ನನ್ನೂ ಏಣಿ ಹತ್ತಿಸಿದರು. ನಾನು ಕಟ್ಟಿದ ಕಟ್ಟುಗಳನ್ನೆಲ್ಲ ಆಳು ಬಿಚ್ಚಿ ಪುನಃ ಕಟ್ಟಿದ. ಮೊದಲ ಹನಿ ಬೀಳುವಾಗ ಮೂಲೆ ಮುಚ್ಚಿತ್ತು.

ಒದ್ದೆಯಾಗಿ ಅಂಗಡಿಗೆ ಬಂದೆ. ಯಜಮಾನರು ಮಳೆ ಮುಗಿದ ಮೇಲೆ ಹೆಂಚು ನಮ್ಮಿಂದಲೇ ಕೊಳ್ಳುತ್ತಾರಾ ಎಂದು ಧನಿಗಳು ಕೇಳಿದರು. ಅದನ್ನು ವಿಚಾರಿಸುವ ಹೊತ್ತಿನಲ್ಲಿ ನಾನು ಅವರ ಮಾಡಿನ ಮೇಲಿದ್ದೆ ಎಂದೆ.